ತಲೆಗೇರದ ಆಲ್ಕೋಹಾಲ್

ಕೇಳುಗ ಮಿತ್ರರಿಗೆಲ್ಲ ನಮಸ್ಕಾರ.

ಮುಂಬೈಯಲ್ಲಿ ಚಳಿ ಎಂದರೆ ಊರಿನವರು ನಗುತ್ತಾರೆ. ಇಲ್ಲಿ ಸ್ವೆಟರ್ ಹಾಕಿಕೊಳ್ಳಲು ವರ್ಷಕ್ಕೆ ನಾಲ್ಕು ದಿನ ಸಿಕ್ಕರೆ ಅದೇ ಭಾಗ್ಯ. ಆದರೂ ಡೊಂಬಿವಲಿಯ ನಮ್ಮ ಮನೆಯಲ್ಲಿ ಚಳಿಗಾಲ ಬಂತೆಂದು ಹೇಳುವ ಒಂದು ಗುರುತಿದೆ. ಬಚ್ಚಲಮನೆಯ ತೆಂಗಿನೆಣ್ಣೆ ಬಾಟಲಿ. ಒಂದು ಬೆಳಿಗ್ಗೆ ಅದನ್ನು ಬೋರಲು ಹಾಕಿದರೂ ಹನಿ ಬೀಳುವುದಿಲ್ಲ. ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಹೆಂಡತಿ ಅದನ್ನು ಬಿಸಿನೀರಿನ ಮಗ್ಗಿನಲ್ಲಿ ನಿಲ್ಲಿಸುತ್ತಾಳೆ. ಐದು ನಿಮಿಷಕ್ಕೆ ಎಣ್ಣೆ ತಯಾರು.

ಈ ಬಾಟಲಿ ನೋಡಿದಾಗಲೆಲ್ಲ ನನಗೆ ನನ್ನ ಮೊದಲ ನೌಕರಿಯ ಒಂದು ಪೇಚಾಟ ನೆನಪಾಗುತ್ತದೆ. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ತಳೋಜಾ ಕಡೆಯ ಒಂದು ಕಾರ್ಖಾನೆಯಲ್ಲಿ ಹೊಸದಾಗಿ ಕೆಮಿಸ್ಟ್ ಆಗಿ ಸೇರಿದ್ದೆ. ಬಂದ ಸರಕನ್ನು ಪರೀಕ್ಷೆ ಮಾಡಿ ಪಾಸ್ ಅಥವಾ ಫೇಲ್ ಎಂದು ಬರೆಯುವುದು ನನ್ನ ಕೆಲಸ. ಡಿಸೆಂಬರ್ ತಿಂಗಳು. ಲಾರಿಲ್ ಆಲ್ಕೋಹಾಲ್ ಎಂಬ ಸರಕಿನ ಡ್ರಮ್‌ಗಳು ಬಂದವು. ಮುಚ್ಚಳ ತೆಗೆದು ನೋಡಿದರೆ ಒಳಗೆ ದ್ರವವೇ ಇಲ್ಲ, ಮೇಣದ ಹಾಗೆ ಬಿಳಿ ಗಟ್ಟಿ! ನಾನು ಸುಮ್ನೆ ಇರದೆ 'ಸರಕು ಕೆಟ್ಟಿದೆ, ವಾಪಸ್ ಕಳಿಸಿ' ಎಂದು ಬರೆದುಬಿಟ್ಟೆ. ನಮ್ಮ ಹಿರಿಯರೊಬ್ಬರು ಇದ್ದರು, ಕುಂದಾಪುರ ಕಡೆಯವರು. ನನ್ನ ಚೀಟಿ ಓದಿ ಒಂದೇ ಮಾತು ಕೇಳಿದರು: "ಮನೆಯಲ್ಲಿ ತೆಂಗಿನೆಣ್ಣೆ ಗಟ್ಟಿಯಾದರೆ ಬಿಸಾಡ್ತೀಯಾ ಮಾರಾಯ?"

ಅಷ್ಟೇ. ಡ್ರಮ್‌ಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟೆವು. ಕರಗಿತು. ಪಾಸ್ ಎಂದು ಬರೆದೆ.

ಲಾರಿಲ್ ಆಲ್ಕೋಹಾಲ್ ಗಟ್ಟಿಯಾಗುವುದು ಸುಮಾರು 24 ಡಿಗ್ರಿಯಲ್ಲಿ. ತೆಂಗಿನೆಣ್ಣೆಯೂ ಅದೇ ಆಸುಪಾಸಿನಲ್ಲಿ. ಇಬ್ಬರಿಗೂ ನೆಂಟಸ್ತಿಕೆ ಇದೆ. ತೆಂಗಿನೆಣ್ಣೆಯ ಹೆಚ್ಚುಕಡಿಮೆ ಅರ್ಧ ಪಾಲು ಲಾರಿಕ್ ಆಮ್ಲ. ಅದಕ್ಕೆ ಸ್ವಲ್ಪ ಉಪಚಾರ ಮಾಡಿದರೆ ಸಿಗುವುದೇ ಲಾರಿಲ್ ಆಲ್ಕೋಹಾಲ್. ಇಂಥವುಗಳ ಇಡೀ ಕುಟುಂಬಕ್ಕೆ ಫ್ಯಾಟಿ ಆಲ್ಕೋಹಾಲ್ ಎಂದು ಹೆಸರು. ಕೊಬ್ಬಿನಿಂದ ಬಂದ ಆಲ್ಕೋಹಾಲ್ ಎಂದುಕೊಳ್ಳಿ.

ಆಲ್ಕೋಹಾಲ್ ಎಂದ ತಕ್ಷಣ ಕೆಲವರ ಕಿವಿ ನೆಟ್ಟಗಾಯಿತು, ಅಲ್ವಾ? ಕುಡಿಯುವ ಮಾತಲ್ಲ ಇದು. ಒಂದು ಸಲ ನಮ್ಮ ಲಾರಿಯನ್ನು ಒಂದು ನಾಕಾದಲ್ಲಿ ಅರ್ಧ ದಿನ ನಿಲ್ಲಿಸಿದ್ದರು. ಬಿಲ್ಲಿನ ಮೇಲೆ ಆಲ್ಕೋಹಾಲ್ ಎಂದಿದೆ, ಪರ್ಮಿಟ್ ಎಲ್ಲಿ ಎಂದು ಅವರ ಪ್ರಶ್ನೆ. ಮಹಾರಾಷ್ಟ್ರದಲ್ಲಿ ಮದ್ಯಕ್ಕೆ ಪರ್ಮಿಟ್ ಬೇಕು, ಅವರ ಮಾತಿನಲ್ಲೂ ನ್ಯಾಯವಿತ್ತು. ಕೊನೆಗೆ ಡ್ರೈವರ್ ಚೀಲ ಬಿಚ್ಚಿ ಒಂದು ಹಿಡಿ ಬಿಳಿ ಚಕ್ಕೆ ತೆಗೆದು ಮೇಜಿನ ಮೇಲೆ ಇಟ್ಟನಂತೆ. "ಕುಡಿಯೋ ಹಾಗಿದ್ರೆ ಕುಡೀರಿ ಸಾಹೇಬ್ರೆ!"

ರಸಾಯನಶಾಸ್ತ್ರದಲ್ಲಿ ಆಲ್ಕೋಹಾಲ್ ಎಂದರೆ ಒಂದು ಗುರುತು, ಅಷ್ಟೇ. ಇಂಗಾಲದ ಸರಪಳಿಯ ತುದಿಯಲ್ಲಿ ಒಂದು ಆಮ್ಲಜನಕ, ಅದಕ್ಕೆ ಅಂಟಿದ ಒಂದು ಜಲಜನಕ. ಇದನ್ನು ತಲೆ ಎನ್ನೋಣ. ಉಳಿದ ಸರಪಳಿ ಬಾಲ. ಬಾರಿನಲ್ಲಿ ಸಿಗುವ ಆಲ್ಕೋಹಾಲಿಗೆ ಎರಡೇ ಇಂಗಾಲದ ಬಾಲ. ತಲೆ ನೀರಿನ ಗೆಳೆಯ, ಬಾಲ ಗಿಡ್ಡ. ಹಾಗಾಗಿ ಇಡೀ ಅಣು ನೀರಿನಲ್ಲಿ ಬೆರೆತು ಹೋಗುತ್ತದೆ, ರಕ್ತದಲ್ಲೂ ಬೆರೆಯುತ್ತದೆ. ಬಾಲ ಉದ್ದವಾಗುತ್ತ ಹೋದಂತೆ ಸ್ವಭಾವ ಬದಲಾಗುತ್ತದೆ. 8 ಇಂಗಾಲದ್ದು ಎಣ್ಣೆಯಂಥ ದ್ರವ. 12 ಇಂಗಾಲದ್ದು ನಮ್ಮ ಲಾರಿಲ್. 14ರದು 38 ಡಿಗ್ರಿಯ ಸುಮಾರಿಗೆ ಕರಗುತ್ತದೆ. 16ರದು ಸೀಟೈಲ್ ಆಲ್ಕೋಹಾಲ್, 49 ಡಿಗ್ರಿ. 18ರದು ಸ್ಟಿಯರಿಲ್, 59ರ ಹತ್ತಿರ. ಮುಂಬೈಯ ಮೇ ತಿಂಗಳಿನಲ್ಲೂ ಈ ಕೊನೆಯ ಎರಡು ಕರಗುವುದಿಲ್ಲ. ನೀರಿಗೆ ಹಾಕಿದರೆ ಮುಳುಗುವುದೂ ಇಲ್ಲ, ಬೆರೆಯುವುದೂ ಇಲ್ಲ.

ಈಗ ನಿಮ್ಮ ಮನೆಯ ಕೋಲ್ಡ್ ಕ್ರೀಮ್ ಅಥವಾ ಹೇರ್ ಕಂಡೀಷನರ್ ಡಬ್ಬಿಯ ಹಿಂದೆ ತಿರುಗಿಸಿ ನೋಡಿ. ಚಿಕ್ಕ ಅಕ್ಷರದಲ್ಲಿ ಸೀಟೈಲ್ ಆಲ್ಕೋಹಾಲ್, ಸೀಟೋಸ್ಟಿಯರಿಲ್ ಆಲ್ಕೋಹಾಲ್ ಎಂದು ಬರೆದಿರುತ್ತದೆ. ಕ್ರೀಮಿನ ಆ ದಪ್ಪ, ಆ ನುಣುಪು ಇದರಿಂದ ಬರುತ್ತದೆ. ಎಣ್ಣೆ ಮತ್ತು ನೀರು ಬೇರೆ ಬೇರೆಯಾಗದಂತೆ ನಡುವೆ ನಿಂತು ಹಿಡಿಯುವುದೂ ಇದೇ. ಕೆಲವು ಡಬ್ಬಿಗಳ ಮುಂದೆ 'ಆಲ್ಕೋಹಾಲ್ ಇಲ್ಲ' ಎಂದಿರುತ್ತದೆ, ಹಿಂದೆ ಸೀಟೈಲ್ ಆಲ್ಕೋಹಾಲ್ ಎಂದಿರುತ್ತದೆ. ಮೋಸ ಅಲ್ಲ. ಮುಂದಿನದು ಚರ್ಮ ಒಣಗಿಸುವ ಆ ಎರಡು ಇಂಗಾಲದ ಆಲ್ಕೋಹಾಲಿನ ಮಾತು. ಹಿಂದಿನದು ಚರ್ಮ ಮೆತ್ತಗೆ ಮಾಡುವ ಈ ಮೇಣದ ಮಾತು. ತಲೆಗೆ ಹಚ್ಚುತ್ತೇವೆ, ಆದರೆ ತಲೆಗೇರುವುದಿಲ್ಲ.

ಸೀಟೈಲ್ ಎಂಬ ಹೆಸರು ಬಂದದ್ದು ತಿಮಿಂಗಿಲದಿಂದ. ಲ್ಯಾಟಿನ್ನಿನಲ್ಲಿ ತಿಮಿಂಗಿಲಕ್ಕೆ ಸೀಟಸ್ ಎನ್ನುತ್ತಾರೆ. ಸ್ಪರ್ಮ್ ವೇಲ್ ಎಂಬ ದೊಡ್ಡ ತಿಮಿಂಗಿಲದ ತಲೆಯೊಳಗೆ ಮೇಣದಂಥ ಕೊಬ್ಬು ತುಂಬಿರುತ್ತದೆ. 1817ರಲ್ಲಿ ಫ್ರಾನ್ಸಿನ ಮಿಷೆಲ್ ಷೆವ್ರಲ್ ಅದನ್ನು ಕಾಸ್ಟಿಕ್ ಪೊಟ್ಯಾಷ್ ಜೊತೆ ಕಾಯಿಸಿ ಈ ಆಲ್ಕೋಹಾಲನ್ನು ಬೇರ್ಪಡಿಸಿದ. ಜೀವಮಾನವಿಡೀ ಕೊಬ್ಬು, ಸಾಬೂನಿನ ನಡುವೆ ಬದುಕಿದ ಈ ಮನುಷ್ಯ 102 ವರ್ಷ ಬಾಳಿದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಸುಮ್ನೆ ಹೇಳಿದೆ. ಈಗ ಇದಕ್ಕಾಗಿ ಯಾರೂ ತಿಮಿಂಗಿಲ ಹಿಡಿಯುವುದಿಲ್ಲ. ತಾಳೆ ಎಣ್ಣೆ, ತಾಳೆ ಬೀಜದ ಎಣ್ಣೆ, ತೆಂಗಿನೆಣ್ಣೆಗಳಿಂದ ತೆಗೆಯುತ್ತಾರೆ. ಎಣ್ಣೆಯನ್ನು ಒಡೆದು, ತಾಮ್ರದ ವೇಗವರ್ಧಕದ ಮೇಲೆ ಭಾರಿ ಒತ್ತಡದಲ್ಲಿ ಜಲಜನಕ ಹಾಯಿಸುತ್ತಾರೆ. ಪೆಟ್ರೋಲಿಯಂನ ಎಥಿಲೀನ್ ಅನಿಲದಿಂದ ಎರಡೆರಡು ಇಂಗಾಲ ಜೋಡಿಸಿಕೊಂಡು ಕಟ್ಟುವ ದಾರಿಯೂ ಇದೆ. ಅದು ಜರ್ಮನಿಯ ಕಾರ್ಲ್ ಝೀಗ್ಲರ್ ತೋರಿಸಿದ ದಾರಿ. ತಾಳೆಯ ದಾರಿಯಲ್ಲಿ ಇಂಡೋನೇಷ್ಯಾ, ಮಲೇಷ್ಯಾದ ಕಾಡಿನ ಪ್ರಶ್ನೆ ಬರುತ್ತದೆ. ಅದು ಬೇರೆಯದೇ ದೊಡ್ಡ ಕತೆ, ಇವತ್ತಿಗೆ ಬೇಡ.

ಇವತ್ತು ನನಗೆ ಹೇಳಬೇಕೆನಿಸಿದ್ದು ಈ ಪದಾರ್ಥ ನೀರಿಗೆ ಬಿದ್ದ ಮೇಲೆ ಏನಾಗುತ್ತದೆ ಎಂಬುದು.

ಬೆಳಿಗ್ಗೆ ಎಂಟರ ಸುಮಾರಿಗೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹತ್ತಿದ್ದೀರಾ? ಕೂರಲು ಜಾಗವಿಲ್ಲ. ಎಲ್ಲರೂ ನಿಂತೇ ಇರಬೇಕು, ಒಬ್ಬರಿಗೊಬ್ಬರು ಒತ್ತಿಕೊಂಡು. ಕೈ ಅಲ್ಲಾಡಿಸಲೂ ಆಗದು. ನೀರಿನ ಮೇಲೆ ಸೀಟೈಲ್ ಆಲ್ಕೋಹಾಲಿನ ಅಣುಗಳು ನಿಲ್ಲುವುದು ಹೀಗೇ. ತಲೆಯನ್ನು ನೀರಿಗೆ ಅದ್ದಿ, ಬಾಲವನ್ನು ಗಾಳಿಗೆ ಎತ್ತಿ, ಶೀರ್ಷಾಸನ ಹಾಕಿದ ಪ್ರಯಾಣಿಕರ ಹಾಗೆ ಒತ್ತೊತ್ತಾಗಿ ನಿಲ್ಲುತ್ತವೆ. ಒಂದೇ ಸಾಲು ಅಣುವಿನ ದಪ್ಪದ ಪೊರೆ. ತಲೆಗೂದಲಿನ ದಪ್ಪದ ಮೂವತ್ತು ಸಾವಿರದಲ್ಲಿ ಒಂದು ಪಾಲು ಇರಬಹುದು.

ಎಷ್ಟು ಹರಡುತ್ತದೆ ಎಂದು ನಾನೇ ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿದ್ದೆ. ಒಂದು ಗ್ರಾಮಿಗೆ ಸುಮಾರು 500 ಚದರ ಮೀಟರ್. ಮುಂಬೈಯವರಿಗೆ ಮೀಟರ್ ಹಿಡಿಸುವುದಿಲ್ಲ, ನಮ್ಮ ಭಾಷೆಯಲ್ಲೇ ಹೇಳುತ್ತೇನೆ: 5,400 ಚದರ ಅಡಿ. ಕಾರ್ಪೆಟ್ ಏರಿಯಾ! ಒಂದು ಚಿಟಿಕೆ ಚಕ್ಕೆಯಲ್ಲಿ ಹತ್ತು ಒನ್ ಬಿಎಚ್‌ಕೆ ಫ್ಲ್ಯಾಟು ಮುಚ್ಚಬಹುದು. ಈ ಊರಿನಲ್ಲಿ ಇದಕ್ಕಿಂತ ಅಗ್ಗದ ಜಾಗ ನನಗಂತೂ ಸಿಕ್ಕಿಲ್ಲ.

ಈ ಪೊರೆಯೊಳಗಿಂದ ನೀರಿನ ಆವಿ ನುಸುಳಿ ಹೊರಬರುವುದು ಕಷ್ಟ. ಅದರಿಂದಲೇ ವಿಜ್ಞಾನಿಗಳಿಗೆ ಒಂದು ಆಸೆ ಹುಟ್ಟಿತು. ಬೇಸಿಗೆಯಲ್ಲಿ ಕೆರೆ, ಜಲಾಶಯಗಳಿಂದ ಆವಿಯಾಗಿ ಹೋಗುವ ನೀರು ಬಹಳ. ಮೇಲೆ ಇಂಥ ಒಂದು ಪೊರೆ ಹಾಸಿದರೆ ಉಳಿಯುತ್ತದಲ್ಲ? 1950ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನು ಕೆರೆಗಳ ಮೇಲೆ ಪ್ರಯೋಗ ಮಾಡಿದರು. ನಮ್ಮಲ್ಲೂ ನಡೆಯಿತು. ಪಕ್ಕದ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಇದೇ ಬಗೆಯ ಪದಾರ್ಥಗಳ ಮೇಲೆ ಕೆಲಸ ಆಗಿದೆ. ಪ್ರಯೋಗಶಾಲೆಯ ತಟ್ಟೆಯಲ್ಲಿ ಫಲಿತಾಂಶ ಭರ್ಜರಿ. ಕೆರೆಗೆ ಹೋದರೆ ಸಪ್ಪೆ. ಗಾಳಿ ಬೀಸಿದರೆ ಪೊರೆ ಒಂದು ದಡಕ್ಕೆ ಸರಿದು ಮುದ್ದೆಯಾಗುತ್ತದೆ. ಅಲೆ ಎದ್ದರೆ ಹರಿಯುತ್ತದೆ. ಗಾಳಿ ಅಲೆ ಎರಡೂ ಇಲ್ಲ ಎನ್ನಿ, ಆಗಲೂ ಎರಡು ಮೂರು ದಿನಕ್ಕೊಮ್ಮೆ ಹೊಸದಾಗಿ ಹಾಕುತ್ತಲೇ ಇರಬೇಕು. ಏಕೆಂದರೆ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ.

ನಾನೂ ಒಂದು ಮೇ ತಿಂಗಳಿನಲ್ಲಿ ಬಾಲ್ಕನಿಯಲ್ಲಿ ಎರಡು ಟಬ್ ಇಟ್ಟು ನೋಡಿದ್ದೆ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಚಿಟಿಕೆ ಚಕ್ಕೆ. ಮೊದಲೆರಡು ದಿನ ಸ್ಕೇಲಿನಲ್ಲಿ ಅಳೆದರೆ ವ್ಯತ್ಯಾಸ ಕಾಣುತ್ತಿತ್ತು. ನಾಲ್ಕನೆಯ ದಿನ ಎರಡೂ ಒಂದೇ. ಐದನೆಯ ದಿನ ಸೊಳ್ಳೆ ಮರಿಗಳು ಬಂದವು. ಹೆಂಡತಿ ಎರಡನ್ನೂ ಚೆಲ್ಲಿದಳು. ವಿಜ್ಞಾನ ಅಲ್ಲಿಗೆ ನಿಂತಿತು.

ಬ್ಯಾಕ್ಟೀರಿಯಾ ತಿಂದು ಮುಗಿಸುತ್ತದೆ ಎಂಬುದು ಕೆರೆಯವರಿಗೆ ತಲೆನೋವು. ಆದರೆ ಕೆಳಗೆ ಹೊಳೆ, ಖಾಡಿ (ಕಡಲ ಹಿನ್ನೀರು) ಇರುವವರಿಗೆ ಅದೇ ಗುಣ ಉಪಕಾರ. ನಮ್ಮೂರಿನಲ್ಲಿ ಲಕ್ಷಾಂತರ ಬಚ್ಚಲುಮನೆಗಳಿಂದ ದಿನಾ ಬೆಳಿಗ್ಗೆ ಶಾಂಪೂ, ಕಂಡೀಷನರ್, ಟೂತ್‌ಪೇಸ್ಟಿನ ನೀರು ಮೋರಿ ಸೇರುತ್ತದೆ. ಶಾಂಪೂ, ಟೂತ್‌ಪೇಸ್ಟಿನ ನೊರೆಗೆ ಬಳಸುವ ಸೋಡಿಯಂ ಲಾರಿಲ್ ಸಲ್ಫೇಟ್ ಲಾರಿಲ್ ಆಲ್ಕೋಹಾಲಿನ ಮಗನೇ. ಮೋರಿಯಲ್ಲಿ ಬ್ಯಾಕ್ಟೀರಿಯಾ ಮೊದಲು ಅದರ ಸಲ್ಫೇಟ್ ತುಂಡನ್ನು ಕತ್ತರಿಸುತ್ತದೆ. ಆಗ ಮತ್ತೆ ಲಾರಿಲ್ ಆಲ್ಕೋಹಾಲ್ ಹುಟ್ಟುತ್ತದೆ. ಮುಂದೆ ಅದರ ತಲೆಗೆ ಇನ್ನಷ್ಟು ಆಮ್ಲಜನಕ ಸೇರಿಸಿ ಲಾರಿಕ್ ಆಮ್ಲ ಮಾಡುತ್ತದೆ. ಅಂದರೆ ನಾವು ಕಾರ್ಖಾನೆಯಲ್ಲಿ ತೆಂಗಿನೆಣ್ಣೆಯಿಂದ ಹೊರಟು ಬಂದ ದಾರಿಯಲ್ಲೇ ಅದು ಹಿಂದಕ್ಕೆ ನಡೆಯುತ್ತದೆ! ಆಮೇಲೆ ಬಾಲವನ್ನು ಎರಡೆರಡು ಇಂಗಾಲದಂತೆ ಕಚ್ಚಿ ಕಚ್ಚಿ ತಿನ್ನುತ್ತದೆ, ಕಬ್ಬು ಸಿಗಿದು ತಿಂದ ಹಾಗೆ. ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು.

ಇದಕ್ಕೆ ಬಾಲ ನೇರವಾಗಿರಬೇಕು. ಎರಡನೇ ಮಹಾಯುದ್ಧದ ನಂತರ ಬಂದ ಕೆಲವು ಡಿಟರ್ಜೆಂಟ್‌ಗಳ ಬಾಲದಲ್ಲಿ ಕವಲುಗಳಿದ್ದವು. ಬ್ಯಾಕ್ಟೀರಿಯಾಕ್ಕೆ ಹಲ್ಲೂರಲು ಆಗಲಿಲ್ಲ. ಯುರೋಪ್, ಅಮೆರಿಕದ ನದಿಗಳ ಮೇಲೆ ನೊರೆಯ ಗುಡ್ಡಗಳೇ ಎದ್ದವು. ಜರ್ಮನಿ 1961ರಲ್ಲಿ ಕಾನೂನೇ ತಂದಿತು. ಆ ದಶಕದ ನಡುವಿನ ಹೊತ್ತಿಗೆ ಅಲ್ಲೆಲ್ಲ ನೇರ ಬಾಲದ ಡಿಟರ್ಜೆಂಟ್‌ಗಳು ಬಂದವು.

ನೇರ ಬಾಲವನ್ನು ತಿನ್ನುವ ವಿದ್ಯೆ ಬ್ಯಾಕ್ಟೀರಿಯಾಗಳಿಗೆ ಎಲ್ಲಿಂದ ಬಂತು? ನಾವು ಶಾಂಪೂ ಕಂಡುಹಿಡಿಯುವ ಎಷ್ಟೋ ಮೊದಲೇ ಫ್ಯಾಟಿ ಆಲ್ಕೋಹಾಲ್ ಲೋಕದಲ್ಲಿ ಇತ್ತು. ಮಳೆಗಾಲದಲ್ಲಿ ಪತ್ರೊಡೆ ಮಾಡಲು ಕೆಸುವಿನೆಲೆ ತರುತ್ತೀರಲ್ಲ, ಅದರ ಮೇಲೆ ನೀರು ಮುತ್ತಿನ ಹಾಗೆ ಉರುಳುವುದು ಎಲೆಯ ಮೇಲಿನ ಮೇಣದಿಂದ. ಗಿಡಗಳ ಎಲೆಯ ಮೇಣದಲ್ಲಿ ಉದ್ದ ಬಾಲದ ಆಲ್ಕೋಹಾಲ್‌ಗಳು ಇರುವುದು ಸಾಮಾನ್ಯ. ಗೋಧಿ ಎಲೆಯಲ್ಲಿ 28 ಇಂಗಾಲದ್ದು ಇದೆ. ಜೇನುಮೇಣದಲ್ಲಿ 30 ಇಂಗಾಲದ್ದು, ಆಮ್ಲದ ಜೊತೆ ಕೂಡಿಕೊಂಡು. ಎಲೆ ಉದುರಿ ಮಣ್ಣಾಗಬೇಕಾದರೆ ಇದನ್ನೆಲ್ಲ ಯಾರೋ ತಿನ್ನಲೇಬೇಕಲ್ಲ?

ನಮ್ಮ ಕನ್ನಡ ನಾಡಿನ ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. ರಾಮನಗರದ ಕಡೆ ರೇಷ್ಮೆ ಸಾಕುವವರ ಮನೆಗೆ ಹೋಗಿದ್ದವರಿಗೆ ಚಂದ್ರಿಕೆಯ ಮೇಲಿನ ಗೂಡುಗಳು ಗೊತ್ತು. ಗೂಡು ಒಡೆದು ಬಂದ ಹೆಣ್ಣು ಚಿಟ್ಟೆ ಒಂದು ವಾಸನೆ ಬಿಡುತ್ತದೆ. ಗಂಡು ಚಿಟ್ಟೆ ರೆಕ್ಕೆ ಪಟಪಟ ಬಡಿಯುತ್ತ ಅದರ ಕಡೆ ಹೊರಡುತ್ತದೆ. ಆ ವಾಸನೆಯ ಪದಾರ್ಥ ಏನೆಂದು ತಿಳಿಯಲು ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಜೊತೆಯವರು ಸುಮಾರು ಇಪ್ಪತ್ತು ವರ್ಷ ದುಡಿದರು. ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ ಕೆಲವೇ ಮಿಲಿಗ್ರಾಮ್ ಸಿಕ್ಕಿತು. 1959ರಲ್ಲಿ ಗುಟ್ಟು ರಟ್ಟಾಯಿತು. ಅದು 16 ಇಂಗಾಲದ ಒಂದು ಫ್ಯಾಟಿ ಆಲ್ಕೋಹಾಲ್. ಬಾಲದಲ್ಲಿ ಎರಡು ಜೋಡಿಬಂಧ ಇರುವುದನ್ನು ಬಿಟ್ಟರೆ ನಿಮ್ಮ ಕ್ರೀಮಿನ ಸೀಟೈಲ್ ಆಲ್ಕೋಹಾಲಿನ ಒಡಹುಟ್ಟು. ಒಬ್ಬನಿಗೆ ಪ್ರೇಮಪತ್ರದ ಕೆಲಸ, ಇನ್ನೊಬ್ಬನಿಗೆ ಹಿಮ್ಮಡಿ ಒಡಕಿನ ಕೆಲಸ.

ಇನ್ನೊಂದು ವಿಷಯ. ಯಾವುದೇ ಹೊಸ ರಾಸಾಯನಿಕ ಪರಿಸರಕ್ಕೆ ಬಿದ್ದರೆ ಎಲ್ಲಿಗೆ ಹೋಗುತ್ತದೆ ಎಂದು ಅಂದಾಜು ಮಾಡಲು ಒಂದು ಪರೀಕ್ಷೆ ಇದೆ. ಒಂದು ಬಾಟಲಿಯಲ್ಲಿ ನೀರು ಮತ್ತು ಆಕ್ಟನಾಲ್ ಹಾಕಿ, ಅದರಲ್ಲಿ ಆ ರಾಸಾಯನಿಕವನ್ನು ಕಲಕುತ್ತಾರೆ. ಆಕ್ಟನಾಲ್ ಎಂದರೆ ನಾನು ಆಗಲೇ ಹೇಳಿದ 8 ಇಂಗಾಲದ ಆಲ್ಕೋಹಾಲ್. ಮೀನಿನ ಕೊಬ್ಬಿನ ಬದಲಿಗೆ ನಿಂತ ಪಾತ್ರಧಾರಿ ಅದು. ರಾಸಾಯನಿಕ ನೀರಿನಲ್ಲೇ ಉಳಿಯಿತೋ, ಆಕ್ಟನಾಲಿಗೆ ಹೋಯಿತೋ ನೋಡುತ್ತಾರೆ. ಸೀಟೈಲ್ ಆಲ್ಕೋಹಾಲ್ ಹತ್ತು ಲಕ್ಷಕ್ಕೂ ಜಾಸ್ತಿ ಪಟ್ಟು ಆಕ್ಟನಾಲ್ ಕಡೆಗೇ ಹೋಗುತ್ತದೆ. ಡಿಡಿಟಿ ಎಂಬ ಕೀಟನಾಶಕದ್ದೂ ಅದೇ ಮಟ್ಟ. ಅಂಕಿ ನೋಡಿ ಒಮ್ಮೆ ಎದೆ ಝಲ್ ಎನ್ನುತ್ತದೆ. ಆದರೆ ಈ ಅಂಕಿ ಹೇಳುವುದು ಎಲ್ಲಿಗೆ ಹೋಗುತ್ತದೆ ಎಂದು, ಎಷ್ಟು ದಿನ ಇರುತ್ತದೆ ಎಂದಲ್ಲ. ಡಿಡಿಟಿ ವರ್ಷಗಟ್ಟಲೆ ಮಣ್ಣಿನಲ್ಲಿ ಕೂರುತ್ತದೆ, ಮೀನಿನಿಂದ ಹದ್ದಿಗೆ ಏರುತ್ತದೆ. ಸೀಟೈಲ್ ಆಲ್ಕೋಹಾಲ್ ಕೊಳಚೆಯ ಕೆಸರಿಗೆ ಅಂಟಿಕೊಳ್ಳುತ್ತದೆ, ಅಲ್ಲೇ ತಿಂದು ಹೋಗುತ್ತದೆ. ಮೀನಿನ ಹೊಟ್ಟೆಗೆ ಹೋದರೂ ಮೀನು ಅದನ್ನು ಕೊಬ್ಬಿನ ಹಾಗೆ ಅರಗಿಸಿಕೊಳ್ಳುತ್ತದೆ. ಬಾಟಲಿಯಲ್ಲಿ ಸ್ವಲ್ಪ ಕೊಳಚೆಯ ಜೀವಿಗಳನ್ನು ಬಿಟ್ಟು 28 ದಿನ ಕಾಯುವ ಪರೀಕ್ಷೆಯಲ್ಲಿ ಇದು ಪಾಸು.

ಹಾಗೆಂದು ಎಲ್ಲಾ ಒಳ್ಳೆಯದೇ ಎಂದರೆ ನಾನು ಕಂಪನಿಯ ಏಜೆಂಟ್ ಆಗುತ್ತೇನೆ. ಲಾರಿಲ್ ಆಲ್ಕೋಹಾಲಿನ ಡ್ರಮ್ಮಿನ ಮೇಲೆ ಸತ್ತ ಮೀನು, ಎಲೆ ಉದುರಿದ ಮರದ ಚಿತ್ರ ಇರುತ್ತದೆ. ಸೀಟೈಲ್ ಚೀಲದ ಮೇಲೆ ಅದಿಲ್ಲ. ಕಾರಣ, 12 ಇಂಗಾಲದ್ದು ನೀರಿನಲ್ಲಿ ಚೂರೇಚೂರು ಕರಗುತ್ತದೆ, ಲೀಟರಿಗೆ ಕೆಲವು ಮಿಲಿಗ್ರಾಮ್. ಮೀನಿನ ಕಿವಿರಿನ ಪೊರೆಗೆ ನುಗ್ಗಲು ಅಷ್ಟು ಸಾಕು. 16ರದು ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಕಿವಿರಿನ ಮೂಲಕ ಮೀನಿನ ಮೈಯೊಳಗೆ ಹೋಗಲು ದಾರಿಯೇ ಸಿಗುವುದಿಲ್ಲ. ಲಾರಿಲ್ ಡ್ರಮ್ ಒಂದು ನಾಲಾಕ್ಕೆ ಉರುಳಿದರೆ ಬ್ಯಾಕ್ಟೀರಿಯಾ ತಿಂದು ಮುಗಿಸುವ ಮೊದಲೇ ಅಲ್ಲಿನ ಮೀನು ಮುಗಿದಿರುತ್ತದೆ.

ಇನ್ನೊಂದು ಲೆಕ್ಕವನ್ನು ಹೆಚ್ಚಿನವರು ಹೇಳುವುದಿಲ್ಲ. ತಿನ್ನುವವರಿಗೆ ಉಸಿರು ಬೇಕು. ಒಂದು ಗ್ರಾಮ್ ಸೀಟೈಲ್ ಆಲ್ಕೋಹಾಲನ್ನು ಪೂರ್ತಿ ಉರಿಸಿದ ಹಾಗೆ ತಿಂದು ಮುಗಿಸಲು 3 ಗ್ರಾಮಿಗಿಂತ ತುಸು ಹೆಚ್ಚು ಆಮ್ಲಜನಕ ಬೇಕು. ಮುಂಬೈಯ ಸೆಕೆಯಲ್ಲಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿರುವ ಆಮ್ಲಜನಕ 8 ಮಿಲಿಗ್ರಾಮಿಗಿಂತ ಕಡಿಮೆ. ಅಂದರೆ ಒಂದು ಗ್ರಾಮ್ ಚಕ್ಕೆ ಸುಮಾರು 400 ಲೀಟರ್ ನೀರಿನ ಉಸಿರನ್ನೆಲ್ಲ ಹೀರಿಬಿಡಬಲ್ಲದು. ನಾವು ಆಗ ಹತ್ತು ಫ್ಲ್ಯಾಟು ಮುಚ್ಚಿದ ಅದೇ ಒಂದು ಗ್ರಾಮ್. ಕೊಳಚೆ ಶುದ್ಧೀಕರಣ ಘಟಕದಲ್ಲಿ ಗಾಳಿ ಊದುವ ಯಂತ್ರಗಳು ಹಗಲೂ ರಾತ್ರಿ ಗುಂಯ್‌ಗುಡುವುದು ಈ ಉಸಿರಿಗಾಗಿಯೇ. ಅಲ್ಲಿ ಫ್ಯಾಟಿ ಆಲ್ಕೋಹಾಲ್ ಬಹುಪಾಲು ಕಾಣೆಯಾಗುತ್ತದೆ. ಉಳಿದದ್ದು ಕೆಸರಿನ ಜೊತೆ ಹೋಗಿ ಗಾಳಿಯಿಲ್ಲದ ತೊಟ್ಟಿಯಲ್ಲಿ ಮೀಥೇನ್ ಅನಿಲವಾಗುತ್ತದೆ. ಘಟಕಕ್ಕೆ ಹೋಗದೆ ನೇರ ನಾಲಾಕ್ಕೆ ಬಿದ್ದದ್ದರ ಕತೆ ಬೇರೆ.

ಆ ಕತೆಗೆ ನಮ್ಮ ಮಿಠಿ ನದಿಯನ್ನೇ ನೋಡಿ. ಮುಂಬೈಯ ವಿಹಾರ್ ಕೆರೆ ಕಟ್ಟಿದ್ದು 1860ರಲ್ಲಿ. ಅದರ ಮತ್ತು ಪೊವಾಯಿ ಕೆರೆಯ ಕೋಡಿ ನೀರಿನಿಂದ ಮಿಠಿ ನದಿ ಹೊರಡುತ್ತದೆ. ಮೇಲೆ ಕಾಡಿನ ನಡುವೆ ಕನ್ನಡಿಯಂಥ ನೀರು. ಕೆಳಗೆ ಮಾಹಿಮ್ ಖಾಡಿ ಸೇರುವ ಹೊತ್ತಿಗೆ ಅದು ಯಾವ ಬಣ್ಣ ಎಂದು ಕುರ್ಲಾ, ಧಾರಾವಿ ಕಡೆ ಓಡಾಡುವವರಿಗೆ ನಾನು ಹೇಳಬೇಕಿಲ್ಲ. ಆ ಕಪ್ಪು ನೀರಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಹಸಿವಿದೆ, ಊಟವೂ ಇದೆ, ಉಸಿರಿಲ್ಲ. ಗಾಳಿಯಿಲ್ಲದೆಯೂ ತಿನ್ನುವ ಜಾತಿಗಳು ಇವೆ, ಆದರೆ ಅವು ನಿಧಾನ. ಕೊಳಚೆಯಲ್ಲಿ ಅವು ಕೆಲಸ ಮಾಡುವಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮೇಲೆ ನಮ್ಮ ಕಟ್ಟಡದ ಹಿಂದಿನ ನಾಲಾದ ವಾಸನೆ ಎರಡು ದಿನ ಕಡಿಮೆಯಾಗುತ್ತದೆ. ನೀರು ಕಲಕಿ, ನೊರೆಯೆದ್ದು, ಗಾಳಿ ಸೇರಿಕೊಂಡಿರುತ್ತದೆ. ಆಗ ನಾನು ಕಿಟಕಿ ತೆರೆದಿಡುತ್ತೇನೆ. ಮೂರನೇ ದಿನ ಹೆಂಡತಿ ಬಂದು ಮುಚ್ಚುತ್ತಾಳೆ.

ನನ್ನ ಸಮಯವೂ ಮುಗಿಯಿತು. ನಮಸ್ಕಾರ.